ಓದುಗರ ಪ್ರಶ್ನೆ, ಸಲಹೆಗಾರರ ಉತ್ತರ: ಮನೆಯವರಿಂದ ಮುಚ್ಚಿಟ್ಟದ್ದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ನೋವನ್ನು ಹೇಳುತ್ತವೆ: ಮನೆಯವರು ಮನೆಯವರಿಂದಲೇ ಏನನ್ನೋ ಮುಚ್ಚಿಟ್ಟಿದ್ದಾರೆ, ಇಲ್ಲವೆ ಮುಚ್ಚಿಡಬೇಕೆಂದು ಹೆಣಗುತ್ತಿದ್ದಾರೆ. ಅವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ವಿವರಗಳನ್ನು ಕಡಿಮೆ ಮಾಡಿ, ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಗಂಡ ಕೆಲಸ ಕಳೆದುಕೊಂಡು ಹದಿನಾಲ್ಕು ತಿಂಗಳಾಗಿತ್ತೆಂಬುದು ನನಗೆ ತಿಳಿದದ್ದು ಅವರ ಮೊಬೈಲ್‌ಗೆ ಬಂದ ಬ್ಯಾಂಕಿನ ಒಂದು ಸಂದೇಶದಿಂದ. ಅಷ್ಟೂ ದಿನ ಅವರು ಬೆಳಿಗ್ಗೆ ಎಂಟೂವರೆಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದರು, ಸಂಜೆ ಏಳಕ್ಕೆ ಬಂದು "ಇವತ್ತು ಮೀಟಿಂಗ್ ಇತ್ತು, ಸುಸ್ತಾಗಿದೆ" ಎನ್ನುತ್ತಿದ್ದರು. ಮನೆ ನಡೆದದ್ದು ಸಾಲದಿಂದ. "ನೀನು ಕೊರಗಬಾರದೆಂದು ಹೇಳಲಿಲ್ಲ" ಎನ್ನುತ್ತಾರೆ. ಈಗ ಬೇರೆ ಕೆಲಸ ಸಿಕ್ಕಿದೆ, ಸಾಲವೂ ತೀರುತ್ತಿದೆ. ಆದರೆ ಪಕ್ಕದ ಬೀದಿಗೆ ಹೋಗಿ ಬರುತ್ತೇನೆ ಎಂದರೂ ನನಗೆ ಅನುಮಾನ ಬರುತ್ತದೆ. ನಾನು ಅತಿ ಮಾಡುತ್ತಿದ್ದೇನೆಯೆ?

ಉತ್ತರ: ಖಂಡಿತ ಇಲ್ಲ. ಸಾಲ ತೀರುತ್ತಿರುವಾಗಲೂ ಮನಸ್ಸು ಏಕೆ ತಿಳಿಯಾಗುತ್ತಿಲ್ಲ ಎಂಬ ಗೊಂದಲ ನಿಮ್ಮ ಪತ್ರದುದ್ದಕ್ಕೂ ಇದೆ, ಅದರ ಕಾರಣವನ್ನೂ ನೀವೇ ಬರೆದಿದ್ದೀರಿ: ಬೆಳಿಗ್ಗೆ ಎಂಟೂವರೆ, ಸಂಜೆ ಏಳು, ಇಲ್ಲದ ಮೀಟಿಂಗ್. ಕೆಲಸ ಹೋದದ್ದು ಒಂದು ದಿನದ ಸಂಗತಿ. ಅದನ್ನು ಮುಚ್ಚಿಡಲು ಮಾತ್ರ ನಾನೂರಕ್ಕೂ ಹೆಚ್ಚು ದಿನ, ದಿನಕ್ಕೊಂದರಂತೆ ಹೊಸ ಸುಳ್ಳು ಕಟ್ಟಬೇಕಾಯಿತು, ಮತ್ತು ಆ ಒಂದೊಂದು ಸುಳ್ಳೂ ನಿಂತದ್ದು ನೀವು ಅವರನ್ನು ಪ್ರಶ್ನಿಸದೆ ನಂಬುತ್ತಿದ್ದಿರಿ ಎಂಬ ಧೈರ್ಯದ ಮೇಲೆ.

ಕೆಲವು ವರ್ಷಗಳ ಹಿಂದೆ ಇಂಥದೇ ತೊಂದರೆಯಲ್ಲಿದ್ದ ಒಬ್ಬರು ನನ್ನ ಬಳಿ ಬಂದಾಗ ಮನೆಯ ಆಲ್ಬಂ ತಂದಿದ್ದರು. ಮಗುವಿನ ಹುಟ್ಟುಹಬ್ಬದ ಚಿತ್ರವೊಂದರ ಮೇಲೆ ಬೆರಳಿಟ್ಟು, "ನೋಡಿ, ಇಲ್ಲಿ ಇವರು ನಗುತ್ತಿದ್ದಾರೆ, ಆ ಹೊತ್ತಿಗಾಗಲೇ ಇವರಿಗೆ ಎಲ್ಲ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ" ಎಂದರು. ಆಮೇಲೆ ಪುಟ ತಿರುಗಿಸುತ್ತಾ ಪ್ರತಿ ಚಿತ್ರದ ಹಿಂದಿನ ತಾರೀಖು ನೋಡಿ, ಇದು ಮೊದಲಿನದು, ಇದು ಆಮೇಲಿನದು ಎಂದು ಎರಡು ಗುಂಪು ಮಾಡತೊಡಗಿದರು. ಆ ದೃಶ್ಯ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ದೊಡ್ಡ ಸುಳ್ಳು ಬಯಲಾದಾಗ ಮುಂದಿನ ದಿನಗಳ ಚಿಂತೆಗಿಂತ ಮೊದಲು ಹಿಂದಿನ ದಿನಗಳೇ ಕೈಬಿಟ್ಟು ಹೋಗುತ್ತವೆ. ತಾನು ಸುಖವಾಗಿದ್ದೆ ಎಂದುಕೊಂಡಿದ್ದ ಸಂಜೆಗಳನ್ನೆಲ್ಲ ಮನಸ್ಸು ಮತ್ತೆ ಒಂದೊಂದಾಗಿ ತೆಗೆದು ನೋಡುತ್ತದೆ. ನೀವು ಈಗ ಮಾಡುತ್ತಿರುವುದೂ ಅದನ್ನೇ. ಪಕ್ಕದ ಬೀದಿಯ ಅನುಮಾನಕ್ಕೆ ಆ ಹದಿನಾಲ್ಕು ತಿಂಗಳುಗಳೇ ಮೂಲ.

ನಿಮ್ಮ ಗಂಡನ ಪರವಾಗಿಯೂ ಒಂದೆರಡು ಮಾತು ಹೇಳಬೇಕು, ಅದರಿಂದ ಅವರ ತಪ್ಪು ಕಡಿಮೆಯಾಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಬೆಲ್ಲಾ ಡಿಪೌಲೊ ಮತ್ತು ಅವರ ಸಂಗಡಿಗರು ಜನರಿಂದ ಒಂದು ವಾರ ತಾವು ಹೇಳಿದ ಸುಳ್ಳುಗಳ ದಿನಚರಿ ಬರೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತಿರದವರಿಗೆ ಹೇಳುವ ದಿನನಿತ್ಯದ ಸುಳ್ಳುಗಳು ಪರಿಚಯವಷ್ಟೇ ಇರುವವರಿಗೆ ಹೇಳುವುದಕ್ಕಿಂತ ಕಡಿಮೆಯೆಂದು ಕಂಡುಬಂತು. ಆದರೆ ಬದುಕಿನಲ್ಲಿ ಹೇಳಿದ, ಕೇಳಿದ ಅತ್ಯಂತ ಗಂಭೀರ ಸುಳ್ಳು ಯಾವುದೆಂದು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಅಂಥ ಸುಳ್ಳುಗಳು ಹೆಚ್ಚಾಗಿ ಅತಿ ಹತ್ತಿರದವರ ನಡುವೆಯೇ ನಡೆದಿದ್ದವು. ಯಾರ ಕಣ್ಣಿನಲ್ಲಿ ಸಣ್ಣವರಾಗಲು ನಾವು ಅತಿಯಾಗಿ ಹೆದರುತ್ತೇವೆಯೋ ಅವರಿಂದಲೇ ದೊಡ್ಡದನ್ನು ಬಚ್ಚಿಡುತ್ತೇವೆ. ನಿಮ್ಮ ಗಂಡ "ನೀನು ಕೊರಗಬಾರದೆಂದು" ಎನ್ನುತ್ತಾರೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. "ನಿನ್ನ ಮುಂದೆ ಸೋತವನಾಗಿ ನಿಲ್ಲಲು ನನಗೆ ಧೈರ್ಯ ಬರಲಿಲ್ಲ" ಎಂಬ ಮಾತು ಅವರ ಬಾಯಿಂದ ಬಂದ ದಿನ ನಿಮ್ಮಿಬ್ಬರ ನಡುವೆ ಏನೋ ಸಡಿಲವಾಗುತ್ತದೆ. ಅಲ್ಲಿಯವರೆಗೆ ನಿಮ್ಮ ಒಳ್ಳೆಯದಕ್ಕೇ ಮಾಡಿದೆ ಎನ್ನುವ ವಿವರಣೆ ನಿಮ್ಮನ್ನು ಎರಡನೆಯ ಸಲ ನೋಯಿಸುತ್ತಲೇ ಇರುತ್ತದೆ, ಏಕೆಂದರೆ ಅದರಲ್ಲಿ ನಿಮ್ಮ ಶಕ್ತಿಯ ಬಗ್ಗೆ ಒಂದು ತೀರ್ಪು ಅಡಗಿದೆ.

ಅವರು ಒಬ್ಬರೇ ಹೇಗೆ ಆ ಭಾರ ಹೊತ್ತರು ಎಂಬುದನ್ನೂ ಕೇಳಿ ತಿಳಿಯಿರಿ. ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮಾತಿನ ನಡುವೆ ಗುಟ್ಟನ್ನು ಮರೆಮಾಚಬೇಕಾದ ಸಂದರ್ಭಗಳಿಗಿಂತ, ಯಾರೂ ಏನೂ ಕೇಳದಿರುವಾಗಲೂ ಮನಸ್ಸು ತಾನಾಗಿಯೇ ಆ ಗುಟ್ಟಿನ ಕಡೆಗೆ ಹೋಗುವುದು ಹೆಚ್ಚು ಸಲ ನಡೆಯುತ್ತದೆ, ಮತ್ತು ವ್ಯಕ್ತಿಯ ನೆಮ್ಮದಿಯನ್ನು ಕೆಡಿಸುವುದು ಮುಖ್ಯವಾಗಿ ಈ ಒಳಸುಳಿಯೇ. ಇದರ ಜೊತೆಗೆ ಸುಳ್ಳು ರೂಢಿಯೂ ಆಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ನೀಲ್ ಗ್ಯಾರೆಟ್, ಟಾಲಿ ಶಾರೊಟ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ಸ್ವಾರ್ಥಕ್ಕಾಗಿ ಮತ್ತೆ ಮತ್ತೆ ಸುಳ್ಳು ಹೇಳುವವರ ಮಿದುಳಿನಲ್ಲಿ ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗದ ಪ್ರತಿಕ್ರಿಯೆ ಸಲದಿಂದ ಸಲಕ್ಕೆ ಕುಗ್ಗುತ್ತದೆ, ಸುಳ್ಳಿನ ಪ್ರಮಾಣ ಹಿಗ್ಗುತ್ತದೆ. ಮೊದಲ ವಾರದ ಸುಳ್ಳಿಗೆ ನಿಮ್ಮ ಗಂಡನ ಕೈ ನಡುಗಿರಬಹುದು. ಹತ್ತನೆಯ ತಿಂಗಳಿಗೆ ನಡುಗಿರಲಾರದು.

ಇನ್ನು ಮಾಡಬೇಕಾದದ್ದು. ಒಂದು ದಿನ ಗೊತ್ತುಮಾಡಿಕೊಂಡು ಇಬ್ಬರೂ ಕುಳಿತುಕೊಳ್ಳಿ. ಬ್ಯಾಂಕಿನ ಲೆಕ್ಕ, ಸಾಲದ ಕಾಗದ, ಕೈಸಾಲ ಕೊಟ್ಟವರ ಹೆಸರು ಎಲ್ಲವೂ ಮೇಜಿನ ಮೇಲೆ ಇರಲಿ. ಹೇಳುವುದೆಲ್ಲವನ್ನೂ ಅಂದೇ ಹೇಳಿಬಿಡಬೇಕೆಂದು ಅವರಿಗೆ ಮೊದಲೇ ತಿಳಿಸಿ. ಕಂತು ಕಂತಾಗಿ ಹೊರಬರುವ ಸತ್ಯದಷ್ಟು ಸಂಸಾರವನ್ನು ಹಾಳುಮಾಡುವುದು ಬೇರೊಂದಿಲ್ಲವೆಂದು ನಾನು ಅನುಭವದಿಂದ ಹೇಳಬಲ್ಲೆ. ಇಂದು ಎರಡು ಸಾಲ, ಮುಂದಿನ ತಿಂಗಳು ಮೂರನೆಯದು ಎಂದಾದರೆ ನೀವು ಪ್ರತಿ ಸಲವೂ ಮೊದಲಿನ ದಿನಕ್ಕೇ ಹಿಂತಿರುಗಬೇಕಾಗುತ್ತದೆ. ಆಮೇಲೆ ಕೆಲವು ತಿಂಗಳು ನೀವು ಕೇಳಿದ್ದನ್ನೇ ಮತ್ತೆ ಕೇಳುತ್ತೀರಿ, ಅವರು "ಎಷ್ಟು ಸಲ ಹೇಳಲಿ" ಎನ್ನದೆ ಉತ್ತರಿಸಬೇಕು. ನಿಮ್ಮ ಪಾಲಿನದೂ ಒಂದಿದೆ: ಅನುಮಾನ ಬಂದಾಗ ಅವರ ಮೊಬೈಲ್, ಜೇಬು ಹುಡುಕುವ ಬದಲು ಅವರನ್ನೇ ನೇರವಾಗಿ ಕೇಳಿ. ಕದ್ದು ಹುಡುಕಿ ಏನೂ ಸಿಗದಿದ್ದರೆ ಮನಸ್ಸು ಸಮಾಧಾನಗೊಳ್ಳುವುದಿಲ್ಲ, ಇನ್ನೂ ಚೆನ್ನಾಗಿ ಬಚ್ಚಿಟ್ಟಿದ್ದಾರೆ ಎಂದುಕೊಳ್ಳುತ್ತದೆ.

ಪ್ರಶ್ನೆ: ನನ್ನ ಹೆಂಡತಿ ತನ್ನ ಮೊಬೈಲ್‌ನ ಪಾಸ್‌ವರ್ಡ್ ನನಗೆ ಹೇಳುವುದಿಲ್ಲ. ಗಂಡ ಹೆಂಡಿರ ನಡುವೆ ಮುಚ್ಚುಮರೆ ಇರಬಾರದಲ್ಲವೆ?

ಉತ್ತರ: ಪಾಸ್‌ವರ್ಡ್ ಹೇಳದಿರುವುದೊಂದೇ ಮುಚ್ಚುಮರೆಯಾಗುವುದಿಲ್ಲ. ಆ ಮೊಬೈಲ್‌ನಲ್ಲಿ ಅವರ ಗೆಳತಿ ನಂಬಿಕೆಯಿಂದ ಹೇಳಿಕೊಂಡ ಕಷ್ಟವಿರಬಹುದು, ತಂಗಿಯ ಕಾಯಿಲೆಯ ವಿಷಯವಿರಬಹುದು. ಅವನ್ನು ನಿಮಗೆ ತೋರಿಸುವ ಹಕ್ಕು ಅವರಿಗೂ ಇಲ್ಲ. ನಾನು ಒಂದು ಅಳತೆಗೋಲು ಇಟ್ಟುಕೊಂಡಿದ್ದೇನೆ. ತಿಳಿಯದೆ ಇರುವವರ ಬದುಕಿನ ತೀರ್ಮಾನಗಳನ್ನು ಆ ವಿಷಯ ಬದಲಿಸುವಂತಿದ್ದರೆ ಅದು ಗುಟ್ಟು, ಹೇಳಲೇಬೇಕು. ಬದಲಿಸುವಂತಿಲ್ಲದಿದ್ದರೆ ಅದು ಅವರ ಸ್ವಂತದ್ದು. ಹಣ, ಆರೋಗ್ಯ, ಮೂರನೆಯವರ ಸಂಬಂಧ ಇವು ಸಾಮಾನ್ಯವಾಗಿ ಮೊದಲನೆಯ ಗುಂಪಿಗೆ ಸೇರುತ್ತವೆ. ನಿಮಗೆ ನಿಜವಾಗಿ ಕಾಡುತ್ತಿರುವ ಭಯ ಯಾವುದೆಂದು ಅವರಿಗೆ ಹೇಳಿ. ಪಾಸ್‌ವರ್ಡ್ ಕೇಳುವುದಕ್ಕಿಂತ ಅದು ಕಷ್ಟ, ಆದರೆ ಅದಕ್ಕೆ ಉತ್ತರ ಸಿಗುತ್ತದೆ.

ಪ್ರಶ್ನೆ: ನಮ್ಮ ಮಗಳಿಗೆ ಹನ್ನೊಂದು ವರ್ಷ. ಎಂಟು ತಿಂಗಳ ಕೂಸಾಗಿದ್ದಾಗ ದತ್ತು ತೆಗೆದುಕೊಂಡೆವು. ಅವಳಿಗೆ ಇನ್ನೂ ಹೇಳಿಲ್ಲ. ಹತ್ತಿರದ ಬಂಧುಗಳಿಗೆಲ್ಲ ಗೊತ್ತು. ಹತ್ತನೆಯ ತರಗತಿ ಮುಗಿಯಲಿ ಎನ್ನುತ್ತಾರೆ ನನ್ನವರು. ಹೇಳದೆಯೇ ಇದ್ದರೆ ಆಗದೇ ಎಂದು ನನಗನ್ನಿಸುತ್ತದೆ. ಅವಳು ನಮ್ಮನ್ನು ಬಿಟ್ಟು ದೂರವಾಗುತ್ತಾಳೆಂಬ ಹೆದರಿಕೆ.

ಉತ್ತರ: ಅಮ್ಮ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ಹತ್ತನೆಯ ತರಗತಿಯವರೆಗೆ ಕಾಯಬೇಡಿ, ಈ ವರ್ಷವೇ ಹೇಳಿ ಎಂದು ಒತ್ತಾಯಿಸುತ್ತೇನೆ. ಬಂಧುಗಳಿಗೆಲ್ಲ ಗೊತ್ತಿದೆ ಎಂದು ನೀವೇ ಬರೆದಿದ್ದೀರಿ. ಅಂದರೆ ಮನೆಯಲ್ಲಿ ಅವಳ ಬದುಕಿನ ಮೊದಲ ಅಧ್ಯಾಯ ತಿಳಿಯದಿರುವುದು ಅವಳೊಬ್ಬಳಿಗೇ. ಮಕ್ಕಳು ವಿಷಯವನ್ನು ತಿಳಿಯುವ ಮೊದಲೇ ವಿಷಯವಿದೆ ಎಂಬುದನ್ನು ತಿಳಿಯುತ್ತಾರೆ: ತಾನು ಕೋಣೆಗೆ ಬಂದಾಗ ನಿಲ್ಲುವ ಮಾತು, "ಇವಳು ಯಾರ ಹಾಗೆ" ಎಂದು ಯಾರೋ ಕೇಳಿದಾಗ ಅಮ್ಮ ಎದ್ದು ಒಳಗೆ ಹೋಗುವುದು, ಹೆರಿಗೆಯ ದಿನದ ಕತೆ ಹೇಳೆಂದರೆ ಪ್ರತಿ ಸಲವೂ ಸ್ವಲ್ಪ ಬೇರೆಯಾಗುವ ಉತ್ತರ. ಏನೆಂದು ಗೊತ್ತಿಲ್ಲದ ಮಗು ಅದಕ್ಕೆ ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ, ಮತ್ತು ಸಾಮಾನ್ಯವಾಗಿ ಆ ಕಾರಣ ತನ್ನಲ್ಲೇ ಏನೋ ಕೊರತೆಯಿದೆ ಎಂಬುದಾಗಿರುತ್ತದೆ.

ಅಮೆರಿಕದಲ್ಲಿ ಅಮಾಂಡಾ ಬ್ಯಾಡೆನ್ ಮತ್ತು ಸಂಗಡಿಗರು 254 ಮಂದಿ ವಯಸ್ಕ ದತ್ತು ಮಕ್ಕಳನ್ನು ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷ ತುಂಬುವ ಮೊದಲೇ ವಿಷಯ ತಿಳಿದಿದ್ದವರಿಗಿಂತ ಆಮೇಲೆ ತಿಳಿದವರಲ್ಲಿ ಮನೋವೇದನೆ ಹೆಚ್ಚಾಗಿಯೂ ಬದುಕಿನ ತೃಪ್ತಿ ಕಡಿಮೆಯಾಗಿಯೂ ಕಂಡಿತು. ನಿಮ್ಮ ಮಗಳಿಗೆ ಮೂರು ವರ್ಷ ದಾಟಿ ಬಹಳ ಕಾಲವಾಯಿತು ಎಂದು ಧೃತಿಗೆಡಬೇಡಿ. ಹನ್ನೊಂದರಲ್ಲಿ ನಿಮ್ಮ ಬಾಯಿಂದ ಕೇಳುವುದಕ್ಕೂ ಹತ್ತೊಂಬತ್ತರಲ್ಲಿ ಬಂಧುವೊಬ್ಬರ ಸಿಟ್ಟಿನ ಮಾತಿನಲ್ಲೋ ಯಾವುದೋ ದಾಖಲೆಯಲ್ಲೋ ಕಾಣುವುದಕ್ಕೂ ಇರುವ ಅಂತರ ಬಹಳ ದೊಡ್ಡದು. ಮಗುವಿಗೆ ಸಾಧ್ಯವಾದಷ್ಟರ ಮಟ್ಟಿಗೆ ತನ್ನ ತಂದೆತಾಯಿ ಯಾರೆಂದು ತಿಳಿಯುವ ಹಕ್ಕಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿಯೂ ಹೇಳುತ್ತದೆ. ಹಾಗಾಗಿ ಇದು ನೀವು ಅವಳಿಗೆ ತೋರಿಸುವ ದಯೆಯಲ್ಲ, ಅವಳದನ್ನು ಅವಳಿಗೆ ಒಪ್ಪಿಸುವುದು.

ಹೇಗೆ ಹೇಳಬೇಕೆಂದು ಕೇಳಿದ್ದೀರಿ. ರಜೆಯ ದಿನ, ಮುಂದೆ ಬೇಕಾದಷ್ಟು ಬಿಡುವು ಇರುವಾಗ, ಇಬ್ಬರೂ ಜೊತೆಯಲ್ಲಿದ್ದು ಹೇಳಿ; ಹುಟ್ಟುಹಬ್ಬ, ಪರೀಕ್ಷೆಯ ದಿನಗಳು ಬೇಡ. "ನೀನು ಎಂಟು ತಿಂಗಳ ಮಗುವಾಗಿದ್ದಾಗ ನಮ್ಮ ಮನೆಗೆ ಬಂದೆ" ಎಂದು ಸರಳವಾಗಿ ಆರಂಭಿಸಿ. ನೀವು ಅವಳನ್ನು ಮೊದಲು ಎತ್ತಿಕೊಂಡ ದಿನ ಅವಳು ಹೊದ್ದಿದ್ದ ಬಟ್ಟೆಯನ್ನು ಜೋಪಾನವಾಗಿಟ್ಟಿದ್ದೀರೆಂದು ಬರೆದಿದ್ದೀರಲ್ಲ, ಅದನ್ನು ಅವಳ ಕೈಗೆ ಕೊಡಿ. ಹೆತ್ತವರ ಬಗ್ಗೆ ನಿಮಗೆ ಗೊತ್ತಿರುವುದನ್ನು ಅವಳ ವಯಸ್ಸಿಗೆ ತಕ್ಕಂತೆ ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆನ್ನಿ, ಅವರನ್ನು ಹೀಗಳೆಯಬೇಡಿ. ಕೊನೆಯದಾಗಿ, "ಇದನ್ನು ಮೊದಲೇ ಹೇಳಬೇಕಿತ್ತು, ನಾವು ಹೆದರಿದೆವು, ಅದು ನಮ್ಮ ತಪ್ಪು" ಎಂದು ಒಪ್ಪಿಕೊಳ್ಳಿ. ಅವಳು ಅಳಬಹುದು, ಕೆಲವು ದಿನ ಮಾತು ಬಿಡಬಹುದು, ಅಥವಾ ಏನೂ ಆಗದವಳಂತೆ ಆಡಲು ಹೋಗಿ ಮೂರು ವಾರದ ಮೇಲೆ ಒಂದು ರಾತ್ರಿ ಬಂದು ಸಾಲು ಸಾಲಾಗಿ ಪ್ರಶ್ನೆ ಕೇಳಬಹುದು. ಆ ರಾತ್ರಿ ಎದ್ದು ಕುಳಿತು ಉತ್ತರಿಸಿ. ಹೇಳಿಯಾದ ಮೇಲೆ "ಹೊರಗೆ ಯಾರಿಗೂ ಹೇಳಬೇಡ" ಎಂದು ಮಾತ್ರ ದಯವಿಟ್ಟು ಅನ್ನಬೇಡಿ. ಯಾರಿಗೆ ಹೇಳಬೇಕೆಂಬುದು ಇನ್ನು ಅವಳ ಇಷ್ಟ.

ಪ್ರಶ್ನೆ: ಏಳು ವರ್ಷದ ಮಗ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಾನೆ. ಹೊಡೆದರೂ ಬಿಡುತ್ತಿಲ್ಲ.

ಉತ್ತರ: ಹೊಡೆತವನ್ನು ಇಂದೇ ನಿಲ್ಲಿಸಿ. ಹೊಡೆತದ ಭಯವಿರುವ ಮಗು ಸತ್ಯ ಹೇಳುವುದನ್ನು ಕಲಿಯದೆ ಚೆನ್ನಾಗಿ ಸುಳ್ಳು ಹೇಳುವುದನ್ನು ಕಲಿಯುತ್ತದೆ. ಎರಡು ಮೂರು ವರ್ಷದಿಂದಲೇ ಮಕ್ಕಳು ಸುಳ್ಳು ಹೇಳಲು ಆರಂಭಿಸುತ್ತಾರೆ. ತನಗೆ ಗೊತ್ತಿರುವುದು ಎದುರಿನವರಿಗೆ ಗೊತ್ತಿಲ್ಲವೆಂಬ ತಿಳಿವಳಿಕೆ ಬಂದದ್ದರ ಗುರುತು ಅದು, ಕೆಟ್ಟ ಬುದ್ಧಿಯದಲ್ಲ. ನಿಮ್ಮ ಮನೆಯಲ್ಲಿ ದೊಡ್ಡವರ ಮಾತು ಹೇಗಿದೆಯೆಂದು ಗಮನಿಸಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಚೆಲ್ಸಿ ಹೇಸ್ ಮತ್ತು ಲೆಸ್ಲಿ ಕಾರ್ವರ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಮಿಠಾಯಿ ಇದೆಯೆಂದು ದೊಡ್ಡವರು ಸುಳ್ಳು ಹೇಳಿ ಆಮೇಲೆ ಅದನ್ನು ಒಪ್ಪಿಕೊಂಡಿದ್ದರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ, ಹೀಗೆ ಮೋಸಹೋದವರು ನೋಡಬಾರದೆಂದ ಆಟಿಕೆಯನ್ನು ಕದ್ದು ನೋಡಿದ್ದೂ ಹೆಚ್ಚು, ನೋಡಿಲ್ಲವೆಂದು ಸುಳ್ಳು ಹೇಳಿದ್ದೂ ಹೆಚ್ಚು. ಫೋನ್ ಬಂದಾಗ "ಅಪ್ಪ ಮನೆಯಲ್ಲಿಲ್ಲ ಎಂದು ಹೇಳು" ಎಂದು ಅವನ ಕೈಯಲ್ಲೇ ಹೇಳಿಸಿದ್ದೀರಾ? ಉತ್ತರ ಗೊತ್ತಿರುವ ಪ್ರಶ್ನೆಯನ್ನೂ ಕೇಳಬೇಡಿ. ಒಡೆದವನು ಅವನೇ ಎಂದು ತಿಳಿದಿರುವಾಗ "ಯಾರು ಒಡೆದದ್ದು?" ಎಂದರೆ ಅದು ಸುಳ್ಳಿಗೆ ಕೊಟ್ಟ ಆಹ್ವಾನ. "ಒಡೆದುಹೋಗಿದೆ, ಬಾ, ಇಬ್ಬರೂ ಸೇರಿ ಗುಡಿಸೋಣ" ಎನ್ನಿ.

ಪ್ರಶ್ನೆ: ಮೂರು ವರ್ಷಗಳಿಂದ ಅಮ್ಮ ಅಪ್ಪನಿಗೆ ತಿಳಿಯದಂತೆ ನನ್ನ ತಮ್ಮನಿಗೆ ಹಣ ಕಳಿಸುತ್ತಿದ್ದಾರೆ. ಕಳಿಸುವುದು ನನ್ನ ಮೂಲಕ. "ಅಪ್ಪನಿಗೆ ಹೇಳಬೇಡ" ಎನ್ನುತ್ತಾರೆ. ಈಗೀಗ ಅಪ್ಪನ ಮುಖ ನೋಡಲು ಆಗುತ್ತಿಲ್ಲ, ತವರಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದೇನೆ.

ಉತ್ತರ: ನೀವು ಒಂದೇ ಒಂದು ಸುಳ್ಳನ್ನೂ ಸ್ವಂತಕ್ಕಾಗಿ ಹೇಳದೆ ಅಪ್ಪನನ್ನು ಕಳೆದುಕೊಳ್ಳುತ್ತಿದ್ದೀರಿ. ಕುಟುಂಬ ಚಿಕಿತ್ಸೆಯ ಆರಂಭಿಕರಲ್ಲಿ ಒಬ್ಬರಾದ ಅಮೆರಿಕದ ಮನೋವೈದ್ಯ ಮರ್ರೆ ಬೊವೆನ್ ಇದನ್ನು ತ್ರಿಕೋನವೆಂದು ಕರೆದರು: ಇಬ್ಬರ ನಡುವಿನ ಬಿಗುವನ್ನು ಆ ಇಬ್ಬರೇ ತಾಳಲಾರದಾಗ ಮೂರನೆಯವರನ್ನು ನಡುವೆ ಎಳೆದುಕೊಳ್ಳುತ್ತಾರೆ. ನಿಮ್ಮ ತಂದೆತಾಯಿ ಮಗನ ವಿಷಯದಲ್ಲಿ ಆಡದೆ ಬಿಟ್ಟ ಜಗಳವನ್ನು ಮೂರು ವರ್ಷದಿಂದ ನೀವು ಹೊತ್ತು ತಿರುಗುತ್ತಿದ್ದೀರಿ. ತಮ್ಮನ ಮೇಲೂ ಇದರ ಪರಿಣಾಮವಾಗಿದೆ ಎಂದು ನನ್ನ ಊಹೆ, ಕದ್ದುಮುಚ್ಚಿ ಬಂದ ಸಹಾಯಕ್ಕೆ ಬಹಿರಂಗವಾಗಿ ಕೃತಜ್ಞತೆ ಹೇಳಲೂ ಬಾರದು, ಅದನ್ನು ಹಿಂತಿರುಗಿಸಲೂ ಬಾರದು.

ಅಪ್ಪನ ಬಳಿಗೆ ಓಡಿಹೋಗಿ ಎಲ್ಲವನ್ನೂ ಹೇಳಬೇಡಿ, ಅದು ಅಮ್ಮನೇ ಹೇಳಬೇಕಾದ ಮಾತು. ಅಮ್ಮನಿಗೆ ಹೀಗೆ ಹೇಳಬಹುದು: "ಅಮ್ಮ, ಮುಂದಿನ ತಿಂಗಳಿಂದ ನನ್ನ ಕೈಯಲ್ಲಿ ಕಳಿಸಬೇಡ. ನಾನಾಗಿ ಅಪ್ಪನಿಗೆ ಹೇಳುವುದಿಲ್ಲ, ಆದರೆ ಅವರು ಕೇಳಿದರೆ ಸುಳ್ಳು ಹೇಳುವುದೂ ಇಲ್ಲ. ನೀನೇ ಹೇಳುವುದಾದರೆ ನಾನು ಪಕ್ಕದಲ್ಲಿ ಕೂತಿರುತ್ತೇನೆ." ಅವರು ಅತ್ತು, "ನೀನೂ ಹೀಗಾದೆಯಾ" ಎನ್ನಬಹುದು. ತಾಳಿಕೊಳ್ಳಿ. ಒಂದು ಎಚ್ಚರಿಕೆ: ಅಮ್ಮ ಮುಚ್ಚಿಟ್ಟಿರುವುದು ಅಪ್ಪನ ಕೈಯೇಟಿನ ಭಯದಿಂದಾದರೆ ಈ ಸಲಹೆ ಸಲ್ಲದು. ಆಗ ಮೊದಲು ನೋಡಬೇಕಾದದ್ದು ಅವರ ಸುರಕ್ಷತೆ, ಲೆಕ್ಕದ ಮಾತು ಆಮೇಲೆ.

ಪ್ರಶ್ನೆ: ಅಪ್ಪನಿಗೆ ಕ್ಯಾನ್ಸರ್ ಎಂದು ವೈದ್ಯರು ನಮಗೆ ಹೇಳಿ ಆರು ವಾರವಾಯಿತು. ಅಣ್ಣನ ಒತ್ತಾಯಕ್ಕೆ ಅಪ್ಪನಿಗೆ "ಗಡ್ಡೆ ಅಷ್ಟೇ" ಎಂದಿದ್ದೇವೆ. ಅವರೂ ಏನೂ ಕೇಳುವುದಿಲ್ಲ. ಮನೆಯಲ್ಲಿ ಎಲ್ಲರೂ ನಗುನಗುತ್ತಾ ಇದ್ದೇವೆ, ಆದರೆ ಅವರ ಕೋಣೆಗೆ ಹೋಗಲು ನನಗೆ ಹೆದರಿಕೆ.

ಉತ್ತರ: "ಅವರೂ ಏನೂ ಕೇಳುವುದಿಲ್ಲ" ಎಂಬ ನಿಮ್ಮ ಸಾಲನ್ನು ನಾನು ಹಲವು ಸಲ ಓದಿದೆ. ಆಸ್ಪತ್ರೆಗೆ ಹೋಗಿ ಬರುವವರು, ಔಷಧಿಯ ಚೀಟಿ ನೋಡುವವರು, ಮಕ್ಕಳ ಮುಖ ಓದಿ ಬಲ್ಲವರು ಆರು ವಾರ ಏನೂ ಕೇಳುತ್ತಿಲ್ಲವೆಂದರೆ, ಬಹುಶಃ ಅವರಿಗೆ ಗೊತ್ತಿದೆ. ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ 1960ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಕುಳಿತು ಗಮನಿಸಿ ಈ ಸ್ಥಿತಿಗೆ ಪರಸ್ಪರ ನಟನೆ ಎಂಬ ಅರ್ಥದ ಹೆಸರು ಕೊಟ್ಟರು: ರೋಗಿಗೂ ಗೊತ್ತು, ಸುತ್ತಲಿನವರಿಗೂ ಗೊತ್ತು, ಗೊತ್ತಿಲ್ಲದವರಂತೆ ಎಲ್ಲರೂ ಆಡುತ್ತಾರೆ. ಮಕ್ಕಳು ಅಪ್ಪನನ್ನು ಕಾಪಾಡುತ್ತಿದ್ದೇವೆಂದುಕೊಂಡಿರುತ್ತಾರೆ, ಅಪ್ಪ ಮಕ್ಕಳನ್ನು. ಈ ನಡುವೆ ಅವರು ಯಾರಿಗಾದರೂ ಹೇಳಬೇಕಿದ್ದ ಮಾತು, ಮುಗಿಸಬೇಕಿದ್ದ ವ್ಯವಹಾರ, ನೋಡಬೇಕಿದ್ದ ಮುಖ ಹಾಗೇ ಉಳಿದುಬಿಡುತ್ತವೆ.

ಹಿಂದೆ ವೈದ್ಯರೂ ನಿಮ್ಮ ಅಣ್ಣನ ಹಾಗೆಯೇ ಯೋಚಿಸುತ್ತಿದ್ದರು, ಆದ್ದರಿಂದ ಅಣ್ಣನನ್ನು ದೂಷಿಸಬೇಡಿ. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಶೇ 90ರಷ್ಟು ವೈದ್ಯರು ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳದಿರುವುದೇ ಮೇಲು ಎಂದಿದ್ದರು; 1979ರಲ್ಲಿ ಅದೇ ಪ್ರಶ್ನೆಗೆ ಹೇಳುವುದೇ ಮೇಲು ಎಂದವರು ಶೇ 97. ಹಾಗೆಂದು ಹೋಗಿ ಒಮ್ಮೆಲೇ ಎಲ್ಲವನ್ನೂ ಅಪ್ಪನ ಮುಂದೆ ಸುರಿಯಬೇಕಿಲ್ಲ. ತಿಳಿಯುವುದು ಹೇಗೆ ಅವರ ಹಕ್ಕೋ ತಿಳಿಯದಿರುವುದೂ ಹಾಗೆಯೇ, ಆದರೆ ಅದನ್ನು ನಿರ್ಧರಿಸಬೇಕಾದವರು ಅವರೇ. "ಅಪ್ಪ, ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಏನನ್ನಿಸುತ್ತಿದೆ? ಡಾಕ್ಟರು ಹೇಳಿದ್ದನ್ನೆಲ್ಲ ನಿಮಗೆ ಹೇಳಲೇ, ಅಥವಾ ನಾವು ನೋಡಿಕೊಂಡರೆ ಸಾಕೇ?" ಎಂದು ಕೇಳಿ, ಆಮೇಲೆ ಸುಮ್ಮನೆ ಕುಳಿತುಕೊಳ್ಳಿ. ಬೇಡವೆಂದರೆ ಒತ್ತಾಯಿಸಬೇಡಿ, ಬೇಕೆಂದಾಗ ಹೇಳುತ್ತೇನೆ ಎನ್ನಿ. ಬೇಕೆಂದರೆ ವೈದ್ಯರ ಜೊತೆಯಲ್ಲಿ, ಚಿಕಿತ್ಸೆಯ ದಾರಿಗಳೊಡನೆ ಹೇಳುವುದು ಒಳ್ಳೆಯದು.

ಅದಕ್ಕೂ ಮೊದಲು ಅಣ್ಣನೊಡನೆ ಮಾತಾಡಿ. ಅವರಿಗೆ ತಿಳಿಯದಂತೆ ನೀವೊಬ್ಬರೇ ಹೋಗಿ ಅಪ್ಪನಿಗೆ ಹೇಳಿದರೆ ಮನೆಯಲ್ಲಿ ಇನ್ನೊಂದು ಗುಟ್ಟು ಹುಟ್ಟುತ್ತದೆ. ಅಣ್ಣ ಒಪ್ಪದಿದ್ದರೆ ವೈದ್ಯರ ಮುಂದೆ ಇಬ್ಬರೂ ಕುಳಿತು ಚರ್ಚಿಸಿ. ಮುಂದಿನ ತಪಾಸಣೆಗೆ ಇನ್ನು ಹನ್ನೆರಡು ದಿನವಿದೆ ಎಂದು ಬರೆದಿದ್ದೀರಿ, ಅಷ್ಟರೊಳಗೆ ಇದನ್ನು ಮಾಡಿ. ಇವತ್ತು ಸಂಜೆ ಮಾತ್ರ ಅವರ ಕೋಣೆಗೆ ಹೋಗಿ, ಏನನ್ನೂ ಹೇಳದಿದ್ದರೂ ಸರಿ, ನಗಬೇಕೆಂದು ನಗದೆ ಸ್ವಲ್ಪ ಹೊತ್ತು ಅವರ ಪಕ್ಕದಲ್ಲಿ ಕುಳಿತಿರಿ.